ಕೊಕ್ಕೆ ಎಲ್ಲಿ ಹಾಕಬೇಕು?

ಪ್ರಶ್ನೆ: ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿದವಳು. ಹೊರರಾಜ್ಯದ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಮೆಸೇಜು, ಇಮೇಲ್ ಕಳಿಸುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಹೋದ ತಿಂಗಳು ಕೋಲ್ಕತ್ತದ ಒಬ್ಬರಿಗೆ ‘ಪ್ಲೀಸ್ ಕನ್‌ಫರ್ಮ್ ವೆನ್ ವಿಲ್ ಯುವರ್ ಲಾರಿ ರೀಚ್?’ ಎಂದು ಬರೆದಿದ್ದೆ. ಒಂಬತ್ತನೇ ತರಗತಿ ಓದುವ ಮಗಳು ಅದನ್ನು ನೋಡಿ, ‘ಅಮ್ಮಾ, ಇಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುವುದಿಲ್ಲ’ ಎಂದಳು. ಯಾಕೆ ಎಂದರೆ, ‘ನಮ್ಮ ಮಿಸ್ ಹೇಳಿದ್ದಾರೆ’ ಎಂದಳು, ಅಷ್ಟೇ. ಅದೇ ವಾರ ಇನ್ನೊಬ್ಬ ವ್ಯಾಪಾರಿ ಬಾಕ್ಸಿಗೆ 20 ರೂಪಾಯಿ ಇಳಿಸಿ ಎಂದು ಕೇಳಿದರು. ಹರಾಜಿನ ರೇಟು ನಿಮಗೆ ಒಪ್ಪಿಗೆಯೇ ಎಂದು ಕೇಳುವುದಕ್ಕೆ ‘ರೇಟ್ ಓಕೆ’ ಎಂದು ಬರೆದೆ. ಇಳಿಸಿದ ರೇಟಿಗೆ ನಾವೇ ಒಪ್ಪಿದೆವು ಎಂದು ಅವರು ಹಿಡಿದುಕೊಂಡರು. 600 ಬಾಕ್ಸಿನ ಲೋಡು. ಮಾಲೀಕರ ಕೈಯಲ್ಲಿ ಬೈಸಿಕೊಂಡೆ. ಹಾಕಿದರೆ ತಪ್ಪು, ಬಿಟ್ಟರೆ ನಷ್ಟ. ಈ ಚಿಹ್ನೆಯನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಒಮ್ಮೆ ಬಿಡಿಸಿ ಹೇಳುತ್ತೀರಾ? ಉತ್ತರ ಬೇಗ ಬರುತ್ತದೆ ಎಂದು ನಂಬಿದ್ದೇನೆ?

ಉತ್ತರ: ಮೊದಲು ಆ 12,000 ರೂಪಾಯಿಯ ವಿಷಯ ಮುಗಿಸೋಣ.

‘ರೇಟ್ ಓಕೆ’ ಎಂದು ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಇದ್ದದ್ದು “ರೇಟು ಒಪ್ಪಿಗೆಯೇ” ಎಂಬ ಕನ್ನಡ. ಅದರಲ್ಲಿ ಕೇಳುವ ಕೆಲಸವನ್ನೆಲ್ಲ ಮಾಡುತ್ತಿರುವುದು ಕೊನೆಯ ‘ಏ’ ಒಂದೇ. ಇಂಗ್ಲಿಷಿಗೆ ದಾಟಿಸುವಾಗ ರೇಟು ದಾಟಿತು, ಒಪ್ಪಿಗೆ ದಾಟಿತು, ಆ ‘ಏ’ ಮಾತ್ರ ಈ ದಡದಲ್ಲೇ ಉಳಿಯಿತು. ಅದು ಕೂರುವುದಕ್ಕೆ ಅಲ್ಲಿ ಇದ್ದ ಜಾಗ ಒಂದೇ, ವಾಕ್ಯದ ಕೊನೆಯ ಚಿಹ್ನೆ. ಅದನ್ನು ನೀವು ಖಾಲಿ ಬಿಟ್ಟಿರಿ. ಓದಿದವರಿಗೆ “ರೇಟು ಒಪ್ಪಿಗೆ” ಎಂದೇ ಕಂಡಿತು. ವ್ಯಾಪಾರಿಯ ಕಡೆ ತಪ್ಪು ಹುಡುಕುವ ಹಾಗಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಓದುತ್ತಿದ್ದೆ, ಅದರಲ್ಲೂ ಬಾಕ್ಸಿಗೆ 20 ರೂಪಾಯಿ ಉಳಿಯುವಾಗ.

ನಮ್ಮ ಪೀಕಲಾಟದ ಬೇರು ಇಲ್ಲಿಯೇ ಇದೆ. ಕನ್ನಡದಲ್ಲಿ ಪ್ರಶ್ನೆ ಇರುವುದು ಮಾತಿನ ಬಾಲದಲ್ಲಿ. “ಬಂದರು” ಎಂದರೆ ಸುದ್ದಿ, “ಬಂದರಾ” ಎಂದರೆ ಪ್ರಶ್ನೆ, “ಬಂದರೋ ಏನೋ” ಎಂದರೆ ಅನುಮಾನ. ಆ, ಏ, ಓ ಎಂಬ ಮೂರು ಸ್ವರಗಳಲ್ಲಿ ನಮ್ಮ ಕೆಲಸ ಮುಗಿಯುತ್ತದೆ. ಉಳಿದಂತೆ ಯಾರು, ಏನು, ಎಲ್ಲಿ, ಎಷ್ಟು ಇದ್ದೇ ಇವೆ. ಹಳೆಯ ಓಲೆಗರಿಗಳಲ್ಲಿ ಪದ್ಯ ಮುಗಿಯಿತು ಎನ್ನುವುದಕ್ಕೆ ಒಂದೋ ಎರಡೋ ನೆಟ್ಟನೆಯ ಗೀಟು ಇರುತ್ತಿತ್ತೇ ಹೊರತು ಪ್ರಶ್ನೆಗೆಂದು ಗುರುತು ಇರಲಿಲ್ಲ. ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ಈಗಿನ ಲೇಖನ ಚಿಹ್ನೆಗಳು ಹತ್ತೊಂಬತ್ತನೇ ಶತಮಾನದಲ್ಲಿ ಅಚ್ಚಿನ ಮೊಳೆಗಳ ಜೊತೆಗೆ ನಮ್ಮಲ್ಲಿ ನೆಲೆಯೂರಿದವು. ಹಾಗಾಗಿ ಕನ್ನಡಕ್ಕೆ ಪ್ರಶ್ನಾರ್ಥಕ ಚಿಹ್ನೆ ಎನ್ನುವುದು ರುಜು ಬಿದ್ದ ಕಾಗದದ ಮೇಲೆ ಒತ್ತುವ ಸೀಲಿನ ಹಾಗೆ. ಇದ್ದರೆ ಚೆಂದ, ಇಲ್ಲದಿದ್ದರೂ ರುಜು ಸುಳ್ಳಾಗುವುದಿಲ್ಲ. “ಊಟ ಆಯಿತಾ” ಎಂಬುದರ ಮುಂದೆ ನೀವು ಪೂರ್ಣವಿರಾಮ ಇಟ್ಟರೂ ಓದುವವರು ಪ್ರಶ್ನೆಯಾಗಿಯೇ ಓದುತ್ತಾರೆ. ಇಂಗ್ಲಿಷಿನಲ್ಲಿ ಎಷ್ಟೋ ಕಡೆ ಆ ಸೀಲೇ ರುಜು. ಕನ್ನಡದಲ್ಲಿ ಬೆಳೆದ ಕೈ ಈ ಚಿಹ್ನೆಯ ವಿಷಯದಲ್ಲಿ ಉದಾಸೀನ ಮಾಡುವುದು ಸಹಜ. ಅದು ನಿಮ್ಮ ದಡ್ಡತನವಲ್ಲ.

ತುಮಕೂರಿನಲ್ಲಿ ನಾನು ಪಾಠ ಮಾಡುತ್ತಿದ್ದಾಗ ಹುಡುಗರು ಇದನ್ನು ಕೊಕ್ಕೆ ಎನ್ನುತ್ತಿದ್ದರು. ಮಾವಿನಕಾಯಿ ಕೀಳುವ ದೋಟಿಯ ತುದಿಯಲ್ಲಿ ಇರುವಂಥದ್ದು, ಕೆಳಗೆ ಒಂದು ಚುಕ್ಕೆ. ಕೊಕ್ಕೆ ಹಾಕುವುದು ಎಂದರೆ ತಕರಾರು ತೆಗೆಯುವುದು ಎಂಬ ಅರ್ಥವೂ ನಮ್ಮಲ್ಲಿದೆ. ಇಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ. ಇನ್ನೊಂದು ಮಾತು: ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಡುತ್ತಿದ್ದೇನೆ. ಬಾಯಿಬಿಟ್ಟು ಓದಿಕೊಂಡರೆ ಸಾಕು.

ಇನ್ನು ಲಾರಿಯ ವಾಕ್ಯ. ನಿಮ್ಮ ಮಗಳ ಮಿಸ್ ಹೇಳಿದ್ದು ಸರಿ. ಕಾರಣ ಹೇಳದೆ ಬಿಟ್ಟದ್ದು ಸರಿಯಲ್ಲ, ಅದನ್ನು ನಾನು ಹೇಳುತ್ತೇನೆ.

‘ಪ್ಲೀಸ್ ಕನ್‌ಫರ್ಮ್’ ಎಂದು ಶುರುಮಾಡಿದ ಕೂಡಲೇ ನೀವು ಕೇಳುತ್ತಿಲ್ಲ, ಕೇಳಿಕೊಳ್ಳುತ್ತಿದ್ದೀರಿ. ಅದು ಕೋರಿಕೆ. ಪ್ರಶ್ನೆ ಇರುವುದು ಅದರ ಹೊಟ್ಟೆಯೊಳಗೆ. ಇಂಗ್ಲಿಷಿನ ಕೊಕ್ಕೆ ಹೊಟ್ಟೆಯೊಳಗಿನ ಪ್ರಶ್ನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊರಗಿನ ವಾಕ್ಯ ಪ್ರಶ್ನೆಯೋ ಅಲ್ಲವೋ ಎನ್ನುವುದಷ್ಟೇ ಅದಕ್ಕೆ ಬೇಕು. ಇದನ್ನು ವ್ಯಾಕರಣದ ಪುಸ್ತಕಗಳಲ್ಲಿ ಪ್ರತ್ಯಕ್ಷ ಪ್ರಶ್ನೆ, ಪರೋಕ್ಷ ಪ್ರಶ್ನೆ ಎಂದು ಎರಡು ಪುಟ ವಿವರಿಸಿರುತ್ತಾರೆ. ಅಷ್ಟೆಲ್ಲ ಬೇಡ. ಕನ್ನಡ ಬಲ್ಲವರಿಗೆ ಇದನ್ನು ಪತ್ತೆಹಚ್ಚಲು ಸುಲಭವಾದ ದಾರಿಯೊಂದಿದೆ.

ನಮ್ಮ ಮಾತಿನಲ್ಲಿ ಯಜಮಾನ ಕ್ರಿಯಾಪದ ಯಾವಾಗಲೂ ಕೊನೆಯಲ್ಲಿ ಬಂದು ಕೂರುತ್ತದೆ. ಆದ್ದರಿಂದ ಬರೆಯಬೇಕಾದ ಇಂಗ್ಲಿಷ್ ವಾಕ್ಯವನ್ನು ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ, ಕೊನೆಯ ಪದವನ್ನು ಮಾತ್ರ ನೋಡಿ. “ಲಾರಿ ಯಾವಾಗ ಬರುತ್ತದೆ ಎಂದು ತಿಳಿಸಿ.” ಕೊನೆಯ ಪದ “ತಿಳಿಸಿ”. ಅದು ಪ್ರಶ್ನೆಯಲ್ಲ, ಕೊಕ್ಕೆ ಬೇಡ. “ಲಾರಿ ಯಾವಾಗ ಬರುತ್ತದೆ ಎಂದು ತಿಳಿಸುವಿರಾ?” ಕೊನೆಯ ಪದ “ತಿಳಿಸುವಿರಾ”. ಪ್ರಶ್ನೆ, ಕೊಕ್ಕೆ ಬೇಕು. “ಲಾರಿ ಯಾವಾಗ ಬರುತ್ತದೆ ಎಂದು ಮಾಲೀಕರು ಕೇಳಿದರು.” ಕೇಳಿದ್ದು ಮಾಲೀಕರು, ನೀವು ವರದಿ ಮಾಡುತ್ತಿದ್ದೀರಿ, ಬೇಡ. “ಲಾರಿ ಯಾವಾಗ ಬರುತ್ತದೋ ನನಗೆ ಗೊತ್ತಿಲ್ಲ.” ಬೇಡ. “ಲಾರಿ ಯಾವಾಗ ಬರುತ್ತದೆ ಎಂದು ನಿಮಗೆ ಗೊತ್ತೇ?” ಬೇಕು. ಐದರಲ್ಲೂ “ಯಾವಾಗ” ಇದೆ, ಐದರಲ್ಲೂ ಲಾರಿ ಇದೆ, ಐದರಲ್ಲೂ ನಿಮಗೆ ತಿಳಿಯಬೇಕಾದದ್ದು ಒಂದೇ. ತೀರ್ಪು ಕೊಟ್ಟದ್ದು ಮಾತ್ರ ಕೊನೆಯ ಪದ. ಇಂಗ್ಲಿಷ್ ಹುಡುಗನಿಗೆ ಈ ಅನುಕೂಲ ಇಲ್ಲ. ಅವನ ಯಜಮಾನ ಕ್ರಿಯಾಪದ ವಾಕ್ಯದ ಆರಂಭದಲ್ಲೇ ಬಂದು ಹೋಗಿರುತ್ತದೆ, ಕೊನೆ ಮುಟ್ಟುವಷ್ಟರಲ್ಲಿ ಅವನಿಗೇ ಮರೆತಿರುತ್ತದೆ. ಅವರೂ ಈ ತಪ್ಪು ಮಾಡುತ್ತಾರೆ ಎನ್ನುವುದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಮಾಡುತ್ತಾರೆ.

ನಿಮ್ಮ ವಾಕ್ಯದಲ್ಲಿ ಕೊಕ್ಕೆಯ ಜೊತೆಗೆ ಇನ್ನೊಂದು ತಪ್ಪೂ ಇದೆ. ಮಗಳು ಅದನ್ನು ಗಮನಿಸಿಲ್ಲ. ‘ವೆನ್ ವಿಲ್ ಯುವರ್ ಲಾರಿ ರೀಚ್’ ಎಂಬಲ್ಲಿ ‘ವಿಲ್’ ಎಲ್ಲಿ ಕುಳಿತಿದೆ ನೋಡಿ, ಲಾರಿಗಿಂತ ಮುಂದೆ. ಇಂಗ್ಲಿಷಿನಲ್ಲಿ ನೇರವಾಗಿ ಕೇಳುವಾಗ ಸಹಾಯಕ ಕ್ರಿಯಾಪದ ಕರ್ತೃವನ್ನು ದಾಟಿ ಮುಂದಕ್ಕೆ ಹಾರುತ್ತದೆ. ಅದೇ ಅವರ ಪ್ರಶ್ನೆಯ ಗುರುತು, ನಮ್ಮ ‘ಆ’ ಇದ್ದ ಹಾಗೆ. ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆ ಸೇರಿದರೆ ಈ ಹಾರಾಟ ನಿಲ್ಲುತ್ತದೆ. ‘ವಿಲ್’ ತನ್ನ ಜಾಗಕ್ಕೆ ವಾಪಸು ಬರುತ್ತದೆ: ‘ಪ್ಲೀಸ್ ಕನ್‌ಫರ್ಮ್ ವೆನ್ ಯುವರ್ ಲಾರಿ ವಿಲ್ ರೀಚ್.’ ಕೊಕ್ಕೆಯೂ ಈ ಹಾರಾಟವೂ ಜೋಡೆತ್ತು. ಒಳಗಿನ ಪ್ರಶ್ನೆಗೆ ಎರಡೂ ಇಲ್ಲ. ನಮ್ಮ ಕಡೆಯ ಅರ್ಜಿಗಳಲ್ಲಿ, ಕಚೇರಿ ಪತ್ರಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಜೋಡೆತ್ತಿನದೇ. ಒಂದು ತಪ್ಪಿದ ಕಡೆ ಇನ್ನೊಂದೂ ತಪ್ಪಿರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಓದು ಮುಗಿದ ಹೊಸತರಲ್ಲಿ ಒಂದು ಕಚೇರಿಗೆ ಕೆಲಸಕ್ಕಾಗಿ ಪತ್ರ ಬರೆದಿದ್ದೆ. ಹುದ್ದೆ ಖಾಲಿ ಇದೆಯೇ ಎಂದು ತಿಳಿಯಬಯಸುತ್ತೇನೆ ಎಂಬ ಅರ್ಥದ ಒಂದೇ ವಾಕ್ಯ, ‘ಐ ವಿಶ್ ಟು ನೋ’ ಎಂದು ಆರಂಭವಾಗಿ ‘ಈಸ್ ದ ಪೋಸ್ಟ್ ವೇಕೆಂಟ್?’ ಎಂದು ಮುಗಿಯುತ್ತಿತ್ತು. ಹದಿನೈದು ದಿನದ ಮೇಲೆ ಅದೇ ಹಾಳೆ ವಾಪಸು ಬಂತು. ಕೆಂಪು ಶಾಯಿಯಲ್ಲಿ ಕೊಕ್ಕೆಯ ಸುತ್ತ ಒಂದು ಸೊನ್ನೆ, ಪಕ್ಕದಲ್ಲಿ ಕನ್ನಡದಲ್ಲೇ ಒಂದು ಸಾಲು: “ತಿಳಿಯಬಯಸುತ್ತೀರೋ, ಕೇಳುತ್ತೀರೋ, ಒಂದನ್ನು ಮಾಡಿ.” ಹುದ್ದೆ ಖಾಲಿ ಇತ್ತೋ ಇಲ್ಲವೋ ಅವರು ಬರೆಯಲಿಲ್ಲ. ಆ ಹಾಳೆಯನ್ನು ಬಹಳ ವರ್ಷ ಇಟ್ಟುಕೊಂಡಿದ್ದೆ. ಹುಡುಗರಿಗೆ ತೋರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠೋಪಕರಣ ನನಗೆ ಸಿಗಲಿಲ್ಲ. ಕೆಂಪು ಸೊನ್ನೆ ಹಾಕಿದ ಆ ಪುಣ್ಯಾತ್ಮ ಯಾರೋ, ಒಂದು ವಾಕ್ಯದಲ್ಲಿ ಇಡೀ ಅಧ್ಯಾಯ ಹೇಳಿಬಿಟ್ಟಿದ್ದ.

ಕೊನೆಯ ಪದದ ದಾರಿ ಎಲ್ಲ ಕಡೆಯೂ ನಡೆಯುವುದಿಲ್ಲ. ಎಲ್ಲಿ ಕೈಕೊಡುತ್ತದೆ ಎನ್ನುವುದನ್ನೂ ಹೇಳಬೇಕು.

ಒಂದು ಕಡೆ, “ಹೇಗೆ ಬರುವುದು?”, “ಏನು ಮಾಡುವುದು?”, “ಯಾರಿಗೆ ಹೇಳುವುದು?” ಇವೆಲ್ಲ ಕನ್ನಡದಲ್ಲಿ ಪೂರ್ತಿ ಪ್ರಶ್ನೆಗಳು. ಬಸ್ಸಿನಲ್ಲಿ ಪಕ್ಕದವರನ್ನು “ಅಂತರಗಂಗೆಗೆ ಹೇಗೆ ಹೋಗುವುದು?” ಎಂದು ಕೇಳಿದರೆ ಅವರು ಕೈ ಎತ್ತಿ ಬೆಟ್ಟ ತೋರಿಸುತ್ತಾರೆ. ಇದನ್ನೇ ನಾವು ಇಂಗ್ಲಿಷಿಗೆ ಎತ್ತಿಕೊಂಡು ಹೋಗಿ ‘ಹೌ ಟು ಗೋ?’ ‘ವಾಟ್ ಟು ಡು?’ ಎಂದು ಕೊಕ್ಕೆ ಹಾಕುತ್ತೇವೆ. ಆದರೆ ‘ಹೌ ಟು ಗೋ’ ಎನ್ನುವುದು ಅವರಿಗೆ ಪ್ರಶ್ನೆಯಲ್ಲ, “ಹೋಗುವ ಬಗೆ” ಎಂಬ ಹೆಸರು. ತಲೆಬರಹವಾಗಿ ನಿಲ್ಲಬಲ್ಲದು, ಕೊಕ್ಕೆಯಿಲ್ಲದೆ. ಪ್ರವಾಸಿ ಫಲಕದ ಮೇಲೆ ‘ಹೌ ಟು ರೀಚ್’ ಎಂದು ಮಾತ್ರ ಬರೆದಿದ್ದರೆ ಸರಿ, ಮುಂದೆ ಕೊಕ್ಕೆ ಇದ್ದರೆ ಬರೆದವರು ನಮ್ಮವರು ಎಂದು ಗೊತ್ತಾಗುತ್ತದೆ. ನಿಜವಾಗಿ ಕೇಳಬೇಕಿದ್ದರೆ ಒಬ್ಬ ಕರ್ತೃ ಬೇಕು: ‘ಹೌ ಡು ಐ ಗೆಟ್ ದೇರ್?’ ಮಂಡಿಯ ಮೆಸೇಜುಗಳಲ್ಲಿ ನೀವು ‘ವೇರ್ ಟು ಸೆಂಡ್ ದ ಬಿಲ್?’ ಎಂದು ಬರೆಯುತ್ತಿರಬಹುದು. ‘ವೇರ್ ಶುಡ್ ಐ ಸೆಂಡ್ ದ ಬಿಲ್?’ ಎಂದು ಮಾಡಿಕೊಳ್ಳಿ. ಒಂದು ‘ಶುಡ್ ಐ’ ಸೇರಿಸಿದ್ದಕ್ಕೆ ವಾಕ್ಯ ಎದ್ದು ನಿಲ್ಲುತ್ತದೆ.

ಇನ್ನೊಂದು ಕಡೆ, “ಏನು ಬಿಸಿಲು!”, “ಎಂಥ ರೇಟು!” ಎನ್ನುತ್ತೇವಲ್ಲ, ಅಲ್ಲಿ “ಏನು”, “ಎಂಥ” ಇದ್ದರೂ ನಾವು ಯಾರನ್ನೂ ಏನನ್ನೂ ಕೇಳುತ್ತಿಲ್ಲ. ‘ವಾಟ್ ಎ ಪ್ರೈಸ್!’ ಕೂಡ ಹಾಗೆಯೇ. ‘ವಾಟ್’, ‘ಹೌ’ ಎಂದು ಶುರುವಾದದ್ದೆಲ್ಲ ಪ್ರಶ್ನೆಯಲ್ಲ. ಇದರಲ್ಲಿ ಎರಡು ಭಾಷೆಯೂ ಒಂದೇ ಜಾಡಿನಲ್ಲಿವೆ, ನೀವು ಎಡವುವುದಿಲ್ಲ.

“ಅಲ್ಲವೇ”ಯದು ಬೇರೆಯೇ ಕಥೆ. ನಮಗೆ ಒಂದೇ “ಅಲ್ಲವೇ” ಎಲ್ಲಕ್ಕೂ ಸಾಕು: ನೀವು ಬಂದಿರಿ ಅಲ್ಲವೇ, ಅವರು ಕೊಡುತ್ತಾರೆ ಅಲ್ಲವೇ, ಮಳೆ ನಿಂತಿತು ಅಲ್ಲವೇ. ಇಂಗ್ಲಿಷಿನಲ್ಲಿ ಮುಂದಿನ ಬಾಲ ಹಿಂದಿನ ಕ್ರಿಯಾಪದವನ್ನು ನೋಡಿ ಬದಲಾಗುತ್ತದೆ. ‘ಯು ಸೆಂಟ್ ದ ಲಾರಿ, ಡಿಡಂಟ್ ಯು?’ ‘ದೆ ವಿಲ್ ಪೇ, ವೋಂಟ್ ದೆ?’ ಅಲ್ಪವಿರಾಮ, ಬಾಲ, ಕೊಕ್ಕೆ, ಈ ಮೂರೂ ಬೇಕು. ನಾವು ಎಲ್ಲಕ್ಕೂ ‘ಈಸಿಂಟ್ ಇಟ್’ ಎಂದು ಅಂಟಿಸಿ, ಕೊಕ್ಕೆಯನ್ನೂ ಮರೆಯುತ್ತೇವೆ. ಬಾಯಿಮಾತಿನಲ್ಲಿ ಇದು ನಡೆದುಹೋಗುತ್ತದೆ, ಬರವಣಿಗೆಯಲ್ಲಿ ಬೇಡ. ಸಂದೇಹವಿದ್ದರೆ ಬಾಲವನ್ನೇ ಕತ್ತರಿಸಿ ನೇರವಾಗಿ ‘ಡಿಡ್ ಯು ಸೆಂಡ್ ದ ಲಾರಿ?’ ಎಂದು ಕೇಳಿ. ಬಾಲವಿಲ್ಲದೆಯೂ ವ್ಯಾಪಾರ ನಡೆಯುತ್ತದೆ.

ಇನ್ನು ವಿನಯದ ಪ್ರಶ್ನೆ. ‘ಕುಡ್ ಯು ಪ್ಲೀಸ್ ಸೆಂಡ್ ದ ಬಿಲ್’ ಎನ್ನುವುದು ರೂಪದಲ್ಲಿ ಪ್ರಶ್ನೆ, ಉದ್ದೇಶದಲ್ಲಿ ಕೋರಿಕೆ. ಬಿಲ್ ಕಳಿಸಲು ನಿಮಗೆ ಶಕ್ತಿ ಇದೆಯೇ ಎಂದು ಯಾರೂ ವಿಚಾರಿಸುತ್ತಿಲ್ಲ. ಇಂಥ ಕಡೆ ಪೂರ್ಣವಿರಾಮ ಸಾಕು ಎನ್ನುವ ಇಂಗ್ಲಿಷ್ ಕೈಪಿಡಿಗಳೂ ಇವೆ. ನನ್ನ ಸಲಹೆ ಕೊಕ್ಕೆಯ ಪರ. ಮೊಬೈಲಿನ ಪರದೆಯ ಮೇಲೆ ‘ಕುಡ್ ಯು ಸೆಂಡ್ ದ ಬಿಲ್’ ಎಂಬುದು ಚುಕ್ಕೆಯೊಂದಿಗೆ ಮುಗಿದರೆ ಯಜಮಾನರು ಆಳಿಗೆ ಹೇಳಿದ ಹಾಗೆ ಕಾಣುತ್ತದೆ, ಕೊಕ್ಕೆ ಬಿದ್ದರೆ “ಕಳಿಸುತ್ತೀರಾ” ಎಂದ ಹಾಗೆ ಕೇಳಿಸುತ್ತದೆ. ಹೊರರಾಜ್ಯದವರಿಗೆ ನಿಮ್ಮ ಮುಖ ಕಾಣುವುದಿಲ್ಲ, ದನಿ ಕೇಳಿಸುವುದಿಲ್ಲ. ಅವರ ಮುಂದೆ ಇರುವುದು ಈ ಚಿಹ್ನೆ ಮಾತ್ರ. ಆದರೆ ‘ಪ್ಲೀಸ್ ಸೆಂಡ್ ದ ಬಿಲ್’ ಎಂದು ಶುರುಮಾಡಿದರೆ ಮತ್ತೆ ಕೊಕ್ಕೆ ಇಲ್ಲ. ‘ಪ್ಲೀಸ್’ ಎಂದು ಬೇಡಿಕೊಂಡು ಕೊನೆಗೆ ಕೊಕ್ಕೆ ಎಸೆಯುವ ಅಭ್ಯಾಸ ನಮ್ಮಲ್ಲಿ ಹಬ್ಬಿದೆ. ‘ಪ್ಲೀಸ್ ಕಾಲ್ ಮಿ?’ ಎಂದು ಬರೆದರೆ “ನನಗೆ ಫೋನ್ ಮಾಡಿ?” ಎಂದ ಹಾಗಾಗುತ್ತದೆ. ಕನ್ನಡದಲ್ಲಿ ಹಾಗೆ ಬರೆಯುತ್ತೀರಾ?

ಈಗ ‘ರೇಟ್ ಓಕೆ’ಗೆ ವಾಪಸು ಬರುತ್ತೇನೆ, ಅದರ ಜಾತಿಯವು ಇನ್ನೂ ಇವೆ. ಮಾತಿನಲ್ಲಿ ನಾವು ಬಾಲ ಹಚ್ಚದೆ ದನಿ ಏರಿಸಿಯೇ ಕೇಳುವುದುಂಟು: “ಲೋಡ್ ಆಯಿತು?” ಎಂದು ಕೊನೆಯಲ್ಲಿ ಹುಬ್ಬು ಎತ್ತಿದರೆ ಸಾಕು. ಇಂಗ್ಲಿಷಿನಲ್ಲೂ ಹೀಗೆ ಕೇಳುತ್ತಾರೆ. ‘ಲೋಡೆಡ್?’ ‘ಪೇಮೆಂಟ್ ಡನ್?’ ‘ದ ಲಾರಿ ಹ್ಯಾಸ್ ಲೆಫ್ಟ್?’ ಇವುಗಳಲ್ಲಿ ಸಹಾಯಕ ಕ್ರಿಯಾಪದ ಹಾರಿಲ್ಲ, ಪ್ರಶ್ನೆಯ ಪದವೂ ಇಲ್ಲ. ಹುಬ್ಬಿನ ಕೆಲಸವನ್ನು ಕೊಕ್ಕೆ ಒಂದೇ ಮಾಡುತ್ತಿದೆ. ಬೆಳಗಿನ ಹರಾಜಿನ ಗದ್ದಲದಲ್ಲಿ, ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ಹೆಬ್ಬೆರಳಿನಿಂದ ಟೈಪ್ ಮಾಡುವಾಗ ಬಿಟ್ಟುಹೋಗುವುದು ಇದೇ. ಮೊಬೈಲಿನಲ್ಲಿ ಕೊಕ್ಕೆ ಸಿಗಬೇಕಾದರೆ ಇನ್ನೊಂದು ಕೀಲಿಮಣೆಗೆ ಹೋಗಬೇಕು, ಬಿಟ್ಟರೆ ಏನಾದೀತು ಎಂದು ಬೆರಳು ಯೋಚಿಸುತ್ತದೆ. ದುಡ್ಡು, ತೂಕ, ಬಾಕ್ಸಿನ ಎಣಿಕೆ ಇರುವ ಮೆಸೇಜಿನಲ್ಲಿ ಈ ಮೊಟಕು ವಾಕ್ಯಗಳನ್ನು ಬರೆಯಲೇಬೇಡಿ. ‘ಈಸ್ ದ ರೇಟ್ ಓಕೆ?’ ಎಂದು ‘ಈಸ್’ ಅನ್ನು ಮುಂದೆ ನಿಲ್ಲಿಸಿದರೆ ಕೊಕ್ಕೆ ಬಿಟ್ಟುಹೋದರೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ರುಜು ಮತ್ತು ಸೀಲು ಎರಡನ್ನೂ ಇಟ್ಟುಕೊಳ್ಳುವ ಉಪಾಯ ಇದೊಂದೇ. ಇನ್ನೂ ಒಳ್ಳೆಯದೆಂದರೆ ಅಂಕಿಯನ್ನೂ ಹಾಕುವುದು. ಯಾವ ರೇಟು ಎಂದು ಹೇಳದೆ ರೇಟು ಓಕೆಯೇ ಎಂದು ಕೇಳಿದರೆ ಕೊಕ್ಕೆ ಇದ್ದೂ ಜಗಳ ತಪ್ಪದು. ಆದರೆ ಅದು ವ್ಯಾಕರಣದ ಮಾತಲ್ಲ, ಮಂಡಿಯ ಮಾತು. ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಉದ್ಧರಣ ಚಿಹ್ನೆಯ ಒಳಗೋ ಹೊರಗೋ ಎಂದು ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಪ್ರಶ್ನೆ ಯಾರದೋ ಕೊಕ್ಕೆ ಅವರದು. ಲಾರಿ ಎಲ್ಲಿ ಎಂದು ಡ್ರೈವರ್ ಕೇಳಿದ್ದನ್ನು ಅವನ ಮಾತಿನಲ್ಲೇ ಬರೆದರೆ ಕೊಕ್ಕೆ ಅವನ ಮಾತಿನ ಜೊತೆ ಒಳಗೆ. ‘ನಾಳೆ ಕೊಡುತ್ತೇನೆ’ ಎಂದು ಅವನು ಹೇಳಿದನೇ ಎಂದು ನೀವು ಕೇಳುತ್ತಿದ್ದರೆ ಪ್ರಶ್ನೆ ನಿಮ್ಮದು, ಕೊಕ್ಕೆ ಹೊರಗೆ. ಒಳಗೊಂದು ಹೊರಗೊಂದು ಹಾಕುವ ಸಂದರ್ಭ ಬಂದರೆ ಒಂದೇ ಸಾಕು. ಕೊಕ್ಕೆಯ ಕೆಳಗೆ ಚುಕ್ಕೆ ಆಗಲೇ ಇರುವುದರಿಂದ ಅದರ ಮುಂದೆ ಇನ್ನೊಂದು ಪೂರ್ಣವಿರಾಮ ಇಡುವಂತಿಲ್ಲ.

ಜಾಗ ಬಿಡುವ ವಿಷಯ ಸಣ್ಣದು, ಆದರೆ ನನ್ನ ಕಣ್ಣಿಗೆ ಕಸದ ಹಾಗೆ ಚುಚ್ಚುತ್ತದೆ. ಪದಕ್ಕೂ ಕೊಕ್ಕೆಗೂ ನಡುವೆ ಇಂಗ್ಲಿಷಿನಲ್ಲಿ ಜಾಗ ಇಲ್ಲ, ಕನ್ನಡದಲ್ಲೂ ಇಲ್ಲ. ಫ್ರೆಂಚರು ಬಿಡುತ್ತಾರೆ, ಅದು ಅವರ ಪದ್ಧತಿ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಪದ ಟೈಪ್ ಮಾಡಿ, ಜಾಗ ಬಿಟ್ಟು, ಆಮೇಲೆ ಕೊಕ್ಕೆ ಒತ್ತುವ ರೂಢಿಯಿದೆ. ಸಾಲಿನ ಅಂಚಿನಲ್ಲಿ ಪದ ಬಂದರೆ ಕೊಕ್ಕೆಯೊಂದೇ ಮುಂದಿನ ಸಾಲಿಗೆ ಬಿದ್ದು, ತಾಯಿ ಬಿಟ್ಟ ಮರಿಯ ಹಾಗೆ ಅಲ್ಲಿ ಒಬ್ಬಂಟಿಯಾಗಿ ನಿಂತಿರುತ್ತದೆ. ಮದುವೆಯ ಕರೆಯೋಲೆಯಲ್ಲಿ ಒಮ್ಮೆ ಇದನ್ನು ಕಂಡಿದ್ದೇನೆ. ಕರೆಯೋಲೆಯಲ್ಲಿ ಪ್ರಶ್ನೆ ಯಾಕೆ ಬೇಕಿತ್ತು ಎಂದು ಮಾತ್ರ ಕೇಳಬೇಡಿ.

ಒಂದರ ಮೇಲೊಂದು ಮೂರು ಕೊಕ್ಕೆ ಹಾಕುವುದರ ಬಗ್ಗೆಯೂ ಎಚ್ಚರ. ‘ವೆನ್ ವಿಲ್ ಯು ಪೇ???’ ಎಂದರೆ ಪ್ರಶ್ನೆ ಮೂರು ಪಟ್ಟು ಆಗುವುದಿಲ್ಲ, ಸಾಲ ಕೊಟ್ಟವನು ಬಾಗಿಲು ಬಡಿದ ಹಾಗಾಗುತ್ತದೆ. ಬಡಿಯಲೇಬೇಕಾದ ಬಾಗಿಲುಗಳೂ ಇರುತ್ತವೆ, ಒಪ್ಪುತ್ತೇನೆ. ಅಂಥ ಕಡೆ ಫೋನ್ ಮಾಡಿ.

ಅನುಮಾನವಿರುವ ಅಂಕಿಯ ಮುಂದೆಯೂ ಕೊಕ್ಕೆ ಹಾಕುವ ರೂಢಿ ಇದೆ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮವರ್ಷವನ್ನು ಕೆಲವರು 1860 ಎಂದೂ ಕೆಲವರು 1861 ಎಂದೂ ಬರೆಯುತ್ತಾರೆ. ಹೀಗಿದ್ದಾಗ ಬರೆಯುವವರು ಇಸವಿಯ ಪಕ್ಕದಲ್ಲಿ ಆವರಣದೊಳಗೆ ಒಂದು ಕೊಕ್ಕೆ ಇಟ್ಟು ಮುಂದೆ ಹೋಗಬಹುದು. ಮಂಡಿಯ ಬಿಲ್ಲಿನಲ್ಲಿ ಇದನ್ನು ಪ್ರಯೋಗಿಸಬೇಡಿ. ತೂಕದ ಮುಂದೆ ಕೊಕ್ಕೆ ಕಂಡರೆ ವ್ಯಾಪಾರಿ ಅದರ ಅರ್ಥವನ್ನು ಬೇರೆ ರೀತಿ ಮಾಡಿಕೊಳ್ಳುತ್ತಾನೆ.

ಉತ್ತರ ಬೇಕಿಲ್ಲದ ಪ್ರಶ್ನೆಗಳೂ ಇರುತ್ತವೆ. “ಸುಗ್ಗಿಯಲ್ಲಿ ಟೊಮೆಟೊ ರಸ್ತೆಗೆ ಸುರಿಯುವಾಗ ಯಾರು ಕೇಳುತ್ತಾರೆ?” ಇದಕ್ಕೂ ಇಂಗ್ಲಿಷಿನಲ್ಲಿ ಕೊಕ್ಕೆಯೇ. ಹದಿನಾರನೇ ಶತಮಾನದ ಕೊನೆಯಲ್ಲಿ ಹೆನ್ರಿ ಡೆನ್ಹಮ್ ಎಂಬ ಇಂಗ್ಲಿಷ್ ಮುದ್ರಕ ಇಂಥ ಪ್ರಶ್ನೆಗಳಿಗೆಂದೇ ಕೊಕ್ಕೆಯನ್ನು ಎಡಬಲ ತಿರುಗಿಸಿ ಬೇರೊಂದು ಚಿಹ್ನೆ ತಂದ. ಜನ ಬಳಸಲಿಲ್ಲ, ಮುಂದಿನ ಶತಮಾನದಲ್ಲಿ ಅದು ಮಾಯವಾಯಿತು. ತಿರುಗಿಸಿದ ಕೊಕ್ಕೆ ಹೇಗೆ ಕಾಣುತ್ತದೆ ಎಂದು ನೋಡಬೇಕಿದ್ದರೆ ಕೋಲಾರದಲ್ಲೇ ಯಾವುದಾದರೂ ಉರ್ದು ಪತ್ರಿಕೆ ಬಿಡಿಸಿ. ಬಲದಿಂದ ಎಡಕ್ಕೆ ಬರೆಯುವ ಲಿಪಿಯಾದ್ದರಿಂದ ಅಲ್ಲಿ ಕೊಕ್ಕೆಯ ಬಾಯಿ ಆ ಕಡೆಗೆ ತೆರೆದಿರುತ್ತದೆ. ಗ್ರೀಕರು ಇನ್ನೂ ವಿಚಿತ್ರ. ಇಂಗ್ಲಿಷಿನ ಅರ್ಧವಿರಾಮದ ಗುರುತೇ ಅವರಿಗೆ ಪ್ರಶ್ನೆಯ ಗುರುತು. ಸ್ಪ್ಯಾನಿಷ್ ಬರೆಯುವವರು ಪ್ರಶ್ನೆಯ ಆರಂಭದಲ್ಲೇ ತಲೆಕೆಳಗಾದ ಒಂದು ಕೊಕ್ಕೆ ಇಡುತ್ತಾರೆ. ಅವರ ಭಾಷಾ ಅಕಾಡೆಮಿ 1754ರಲ್ಲಿ ಅದನ್ನು ಜಾರಿಗೆ ತಂದಿತು. ಕಾರಣ ಕೇಳಿದರೆ ನಿಮಗೆ ನಗು ಬರಬಹುದು: ಅವರಲ್ಲಿ ಹೌದು-ಅಲ್ಲ ಎಂಬ ಉತ್ತರದ ಪ್ರಶ್ನೆ ಎಷ್ಟೋ ಸಲ ಹೇಳಿಕೆಯ ಹಾಗೆಯೇ ಇರುತ್ತದೆ, ಪದಗಳ ಸಾಲೂ ಬದಲಾಗಬೇಕಿಲ್ಲ. ಓದುವವನಿಗೆ ಮೊದಲೇ ಸುಳಿವು ಕೊಡದಿದ್ದರೆ ಉದ್ದನೆಯ ವಾಕ್ಯವನ್ನು ಪೂರ್ತಿ ತಪ್ಪು ದನಿಯಲ್ಲಿ ಓದಿ, ಕೊನೆಯಲ್ಲಿ ಕೊಕ್ಕೆ ಕಂಡು ಬೆಚ್ಚುತ್ತಾನೆ. ನಿಮ್ಮ ‘ರೇಟ್ ಓಕೆ’ಯ ಕಷ್ಟವೇ ಒಂದು ದೇಶದ ಅಕಾಡೆಮಿಗೂ ಇತ್ತು.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆಯಬಾರದು ಎಂದು ಮಗಳ ಶಾಲೆಯಲ್ಲಿ ಹೇಳಿಕೊಡುತ್ತಿರಬಹುದು. ಅದನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಪದ ಪದವನ್ನೇ ಎತ್ತಿಡಬಾರದು, ನಿಜ. ಆದರೆ ಎಲ್ಲಿ ಕೇಳುತ್ತಿದ್ದೇವೆ, ಎಲ್ಲಿ ಹೇಳುತ್ತಿದ್ದೇವೆ ಎಂದು ಕನ್ನಡದ ಕ್ರಿಯಾಪದದಷ್ಟು ಸ್ಪಷ್ಟವಾಗಿ ಇಂಗ್ಲಿಷಿನ ಯಾವ ಪದವೂ ಹೇಳುವುದಿಲ್ಲ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡವನ್ನು ಕಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅವರ ಜಿಲ್ಲೆಯಲ್ಲಿ ಇಂಗ್ಲಿಷ್ ಕಲಿಸಿ ಕೂದಲು ಹಣ್ಣಾದ ನನಗೆ ಒಂದು ಭಾಷೆ ಇನ್ನೊಂದಕ್ಕೆ ಅಡ್ಡಗೋಡೆ ಎಂದು ಒಪ್ಪಿಕೊಳ್ಳುವುದು ಕಷ್ಟ.

ನಿಮ್ಮ ಮೆಸೇಜುಗಳನ್ನು ತಿದ್ದಿ ಕೊಡುತ್ತಿದ್ದೇನೆ, ಮೊಬೈಲಿನಲ್ಲಿ ಉಳಿಸಿಟ್ಟುಕೊಳ್ಳಿ. ಲಾರಿಗೆ: ‘ಪ್ಲೀಸ್ ಕನ್‌ಫರ್ಮ್ ವೆನ್ ಯುವರ್ ಲಾರಿ ವಿಲ್ ರೀಚ್.’ ಇಷ್ಟು ಗಡಸು ಬೇಡ ಎನಿಸಿದರೆ: ‘ಕುಡ್ ಯು ಟೆಲ್ ಅಸ್ ವೆನ್ ಯುವರ್ ಲಾರಿ ವಿಲ್ ರೀಚ್?’ ಎರಡನೆಯದರಲ್ಲಿ ಕೊಕ್ಕೆ ಬಂದದ್ದು ‘ಕುಡ್ ಯು’ ಎಂಬುದರ ಲೆಕ್ಕಕ್ಕೆ. ಲಾರಿಯ ಭಾಗ ಎರಡರಲ್ಲೂ ಒಂದೇ ರೀತಿ ಇದೆ, ‘ವಿಲ್’ ಲಾರಿಯ ಹಿಂದೆಯೇ ಇದೆ. ರೇಟಿಗೆ: ‘ಈಸ್ ದ ಆಕ್ಷನ್ ರೇಟ್ ಓಕೆ ಫಾರ್ ಯು?’ ಎಂದು ಬರೆದು ಆ ದಿನದ ಅಂಕಿ ಸೇರಿಸಿ.

ಇನ್ನು ನಿಮ್ಮ ಪತ್ರದ ಕೊನೆಯ ಸಾಲು. “ಉತ್ತರ ಬೇಗ ಬರುತ್ತದೆ ಎಂದು ನಂಬಿದ್ದೇನೆ?” ಕೊನೆಯ ಪದ “ನಂಬಿದ್ದೇನೆ”. ಲೆಕ್ಕದ ಪ್ರಕಾರ ಅಲ್ಲಿ ಕೊಕ್ಕೆ ಇರಕೂಡದು. ಪೆನ್ನು ಎತ್ತಿದವನು, ಪತ್ರದ ಮೇಲಿನ ತಾರೀಕು ನೋಡಿ, ಹಾಗೆಯೇ ಬಿಟ್ಟೆ.